ಮಾತು ಮೀರದ ಕ್ರೇನು

ಸಿಗ್ನಲ್‌ಮ್ಯಾನ್ ಬಲಗೈ ಎತ್ತಿ ತೋರುಬೆರಳನ್ನು ಗುಂಡಗೆ ಸುತ್ತಿಸಿದ. ಕಬ್ಬಿಣದ ಸರಳುಗಳ ಕಟ್ಟು ನೆಲ ಬಿಟ್ಟು ಮೇಲೆದ್ದಿತು. ಮುಷ್ಟಿ ಬಿಗಿದ, ನಿಂತಿತು. ತೋಳನ್ನು ಪಕ್ಕಕ್ಕೆ ಚಾಚಿದ, ಕ್ರೇನಿನ ಉದ್ದನೆಯ ತೋಳೂ ಅತ್ತ ತಿರುಗಿತು. ಮೇಲಿನ ಗಾಜಿನ ಕ್ಯಾಬಿನ್ನಿನಲ್ಲಿ ಯಾರೂ ಇರಲಿಲ್ಲ. ಅವನ ಹಳದಿ ಗ್ಲೌಸುಗಳನ್ನು ಕಂಬದ ತುದಿಯ ಕ್ಯಾಮೆರಾ ನೋಡುತ್ತಿತ್ತು, ಕಂಪ್ಯೂಟರ್ ಕ್ರೇನನ್ನು ನಡೆಸುತ್ತಿತ್ತು.

ಎಂಟು ವರ್ಷ ಆ ಕ್ಯಾಬಿನ್ನಿನಲ್ಲಿ ಕೂತಿದ್ದ ಆಪರೇಟರ್ ಹೆಂಗಸು ಇವತ್ತು ಕೆಳಗೆ, ಅವನ ಪಕ್ಕದಲ್ಲಿದ್ದಳು. ಕ್ರೇನನ್ನು ಕತ್ತೆತ್ತಿ ನೋಡಿ ಅವಳಿಗೆ ಅಭ್ಯಾಸವಿಲ್ಲ. ಆಗಾಗ ಕುತ್ತಿಗೆ ನೀವಿಕೊಳ್ಳುತ್ತಿದ್ದಳು.

ಐದನೆಯ ಕಟ್ಟೂ ನಾಲ್ಕನೇ ಮಹಡಿಯಲ್ಲಿ ಸರಿಯಾಗಿ ಇಳಿಯಿತು. ಕೊಕ್ಕೆ ಖಾಲಿಯಾಯಿತು.

“ನೋಡಿದ್ರಾ ಯಜಮಾನ್ರೇ?” ಎಂಜಿನಿಯರ್ ಟ್ಯಾಬಿನಿಂದ ತಲೆಯೆತ್ತಿದ. “ನಿಮ್ಮ ಕೈ ಹೇಳಿದ್ದನ್ನ ಒಂದು ಸಲಾನೂ ಮೀರಲಿಲ್ಲ. ಸೋಮವಾರದಿಂದ ಸಿಗ್ನಲ್ಲೂ ನೀವೇ, ಆಪರೇಟರೂ ನೀವೇ.”

“ಇವಳು?”

“ಸ್ಟೋರ್‌ನಲ್ಲಿ ಏನಾದ್ರೂ ಕೆಲಸ ಇರುತ್ತೆ.”

“ಏನಾದ್ರೂ,” ಎಂದಳು ಅವಳು. “ನೆಲದ ಮೇಲೆ ಕೆಲಸ ಮಾಡಿದ್ದೇ ಮರೆತೋಗಿದೆ ನಂಗೆ.”

ಸಿಗ್ನಲ್‌ಮ್ಯಾನ್ ಅವಳತ್ತ ತಿರುಗಿದ. “ನೀನು ನನ್ನ ಕೈ ಮಾತು ಎಷ್ಟು ಸಲ ಮೀರಿದೀಯ, ತಂಗಿ?”

“ಎರಡು ಸಲ.”

“ಮೊದಲನೇದು?”

“ಅವತ್ತು ನೀವು ಮುಖದ ಮೇಲಿನ ನೊಣ ಓಡಿಸ್ತಿದ್ರಿ ಅಣ್ಣ. ಅದು ನನಗಲ್ಲ ಅಂತ ಸುಮ್ನೆ ಕೂತೆ.”

ಎಂಜಿನಿಯರ್ ನಕ್ಕ. “ನೊಣಕ್ಕೂ ಒಂದು ಸಾಫ್ಟ್‌ವೇರ್ ಬರೆಸೋಣ ಬಿಡಿ.”

“ಎರಡನೇದು?”

“ಇಳಿಸು ಅಂತ ತೋರಿಸಿದ್ರಿ. ನಾನು ಇಳಿಸಲಿಲ್ಲ. ಕೆಳಗಿಂದ ಬೈದ್ರಿ. ಬಾಯಿ ಅಲ್ಲಾಡೋದು ಕಾಣಿಸ್ತಿತ್ತು, ಏನಂದ್ರೋ ಕೇಳಿಸಲಿಲ್ಲ, ಪುಣ್ಯಕ್ಕೆ.”

“ಕಟ್ಟಿನ ಕೆಳಗೆ ಯಾರಿದ್ದ, ಹೇಳು ಇವರಿಗೆ.”

“ನಿಮ್ಮ ತಮ್ಮ. ಇಟ್ಟಿಗೆ ರಾಶಿ ಹಿಂದೆ ಕೂತು ಬೂಟಿನ ಲೇಸು ಕಟ್ತಿದ್ದ. ನಿಮಗೆ ಕಾಣ್ತಿರಲಿಲ್ಲ.”

ಎಂಜಿನಿಯರ್ ಹೆಲ್ಮೆಟ್ಟನ್ನು ಸರಿಮಾಡಿಕೊಂಡ. “ಅದಕ್ಕೂ ಇನ್ನೊಂದು ಕ್ಯಾಮೆರಾ ಹಾಕಿಸ್ತೀವಿ. ನೀವು ಹೂಂ ಅನ್ನಿ ಸಾಕು. ಒಪ್ಪಿಗೆ ಕಾಗದಕ್ಕೆ ಇವತ್ತೇ ನಿಮ್ಮ ಸಹಿ ಆಗಬೇಕು.”

ಸಿಗ್ನಲ್‌ಮ್ಯಾನ್ ಬೇಡವೆಂದು ಕೈಯಾಡಿಸಿದ.

ಮೇಲೆ ಕ್ರೇನಿನ ತೋಳು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಮತ್ತೆ ಎಡಕ್ಕೆ. ಖಾಲಿ ಕೊಕ್ಕೆ ತೂಗಾಡಿತು. ಅದು ನಿಲ್ಲುವವರೆಗೆ ಮೂವರೂ ತಲೆಯೆತ್ತಿ ನೋಡಿದರು.

ಅವನು ಗ್ಲೌಸುಗಳನ್ನು ಒಂದೊಂದಾಗಿ ಕಳಚಿ, ಎಂಜಿನಿಯರನ ಟ್ಯಾಬಿನ ಮೇಲಿಟ್ಟು, ಬಾಯಲ್ಲೇ ಹೇಳಿದ:

“ಬೇಡ.”