ಗಾರೆ ಇಲ್ಲದ ಗೋಡೆ

ಏಳುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಚರ್ಚಿನ ಉತ್ತರದ ಗೋಡೆಗೆ ಅಂಟಿಕೊಂಡಂತೆ ಹನ್ನೆರಡು ಅಡಿ ಉದ್ದದ ಒಂದು ಕೋಣೆಯಿತ್ತು. ಬಲಿಪೀಠ ಕಾಣಲು ಒಂದು ಗೇಣಗಲದ ಕಿಂಡಿ, ಊಟ ಕೊಡಲು ಇನ್ನೊಂದು. ಅದನ್ನು ಹೊಕ್ಕವರು ಸಾಯುವವರೆಗೂ ಒಳಗೇ ಇದ್ದು ಪ್ರಾರ್ಥಿಸಬೇಕು. ಅಂದು ಒಬ್ಬ ವಿಧವೆ ಹೊಕ್ಕಿದ್ದಳು. ಲೋಕದ ಪಾಲಿಗೆ ಅವಳು ಸತ್ತಂತೆಯೇ ಎಂದು ಬಿಷಪ್ಪರು ಸತ್ತವರ ಪ್ರಾರ್ಥನೆಯನ್ನು ಓದಿ ಮುಗಿಸಿದ್ದರು. ನೋಡಲು ಬಂದ ಜನ ಚದುರಿದ್ದರೂ, ಒಬ್ಬ ಗಂಡಸು ಮಾತ್ರ ಸಮಾಧಿಗಳ ನಡುವೆ ಇನ್ನೂ ನಿಂತಿದ್ದ. ಬಾಗಿಲಿದ್ದ ಜಾಗವನ್ನು ಕಲ್ಲಿಟ್ಟು ಮುಚ್ಚುವ ಕೆಲಸ ಮುದಿ ಮೇಸ್ತ್ರಿಯದು.

"ಬೇಗ ಮುಗಿಸಯ್ಯ," ಎಂದ ಪಾದ್ರಿ.

"ಸತ್ತವರಿಗೇನು ಅವಸರ, ಸ್ವಾಮಿ?" ಎಂದು ಮೇಸ್ತ್ರಿ ಗೊಣಗಿದ.

ಅವಳು ತಾನಾಗಿಯೇ ಬೇಡಿಕೊಂಡು ಬಂದಳಂತೆ. ಮೇಸ್ತ್ರಿ ಅದನ್ನು ನಂಬಲಿಲ್ಲ. ಹಿಂದೆ ಇಲ್ಲಿದ್ದ ಸನ್ಯಾಸಿನಿಯೂ ಶಾಂತವಾಗಿ ತೀರಿಕೊಂಡಳೆಂದೇ ಊರು ಹೇಳುತ್ತಿತ್ತು. ಮೊನ್ನೆ ಹಳೆಯ ಕಲ್ಲು ಬಿಚ್ಚಿದಾಗ ಒಳಬದಿಯ ಗಾರೆಯ ಮೇಲೆ ಉಗುರಿನಿಂದ ಕೆರೆದ ಗೆರೆಗಳನ್ನು ಅವನು ಕಣ್ಣಾರೆ ಕಂಡಿದ್ದ. ಈ ಹೆಣ್ಣಿಗೆ ಇನ್ನೂ ಇಪ್ಪತ್ತು ದಾಟಿರಲಿಲ್ಲ.

ಪಾದ್ರಿ ಅತ್ತ ಹೋದದ್ದೇ ತಡ, ಮೇಸ್ತ್ರಿ ಕಲ್ಲುಗಳನ್ನು ಬರಿದೇ ಜೋಡಿಸಿ, ಹೊರಗಷ್ಟೇ ತೆಳ್ಳಗೆ ಗಾರೆ ಮೆತ್ತಿದ. ಕೊನೆಯ ಕಲ್ಲು ಇಡುವ ಮುನ್ನ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದ.

"ಮಗಳೇ, ಒಳಗೆ ಗಾರೆ ಹಾಕಿಲ್ಲ. ತಡಕೊಳ್ಳೋಕಾಗದಿದ್ರೆ ಜೋರಾಗಿ ಒಂದು ಸಲ ಒದ್ದುಬಿಡು, ಬೀಳುತ್ತೆ."

ಅವಳು ಒಳಗಿನಿಂದ ಸಂದಿಗೆ ಕಣ್ಣಿಟ್ಟು ಹೊರಗೆ ನೋಡಿದಳು.

"ಹೊರಗಿಂದ ಒದ್ರೂ ಬೀಳುತ್ತಾ?"

"ಬೀಳದೆ ಏನು? ಯಾಕೆ?"

"ಹಾಗಾದ್ರೆ ಬಿಚ್ಚಿ ಗಟ್ಟಿಯಾಗಿ ಕಟ್ಟಪ್ಪ," ಎಂದಳು ಅವಳು. "ನನ್ನ ಗಂಡನ್ನ ಕೊಂದವನು ಅಲ್ಲೇ, ನಿನ್ನ ಹಿಂದೆ, ಕಾಯ್ತಾ ನಿಂತಿದ್ದಾನೆ."