ಹಳೆಯ ದುರ್ಬೀನು

ಮೇಜಿನ ಮೇಲೆ ರೈಫಲ್ಲಿಗೆ ಕೂರಿಸುವ ಮೂರು ಹೊಸ ದುರ್ಬೀನುಗಳಿದ್ದವು. ಹಳೆಯದರಲ್ಲಿ ಕೈಯಲ್ಲಿದ್ದದ್ದು ಏನೆಂದು ಸರಿಯಾಗಿ ಕಾಣದ ಕಾರಣ ಪೊಲೀಸರ ಗುಂಡಿಗೆ ಅಮಾಯಕನೊಬ್ಬ ಸತ್ತನೆಂದು ವಿಚಾರಣೆಯಲ್ಲಿ ತೀರ್ಮಾನವಾಗಿದ್ದರಿಂದ ಈ ಖರೀದಿ. ಅಂದು ಗುಂಡು ಹೊಡೆದ ದ್ಯಾಮಣ್ಣನೇ ಆರಿಸಬೇಕಿತ್ತು. ಅಂದು ಹೊಡೆಯಲು ಹೇಳಿದ ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಮೈದಾನದ ಆ ತುದಿಯಲ್ಲಿ ಪೇದೆಯೊಬ್ಬ ಏನನ್ನೋ ಎತ್ತಿ ಹಿಡಿದಿದ್ದ.

ದ್ಯಾಮಣ್ಣ ಮೊದಲನೆಯದನ್ನು ಕಣ್ಣಿಗಿಟ್ಟ. ಆ ದಿನದಿಂದ ಅವನಿಗೆ ಅನ್ನದ ರುಚಿಯೂ ಗೊತ್ತಾಗುತ್ತಿರಲಿಲ್ಲ.

"ಏನೈತೋ ಅವನ ಕೈಯಾಗ?" ಸಾಹೇಬರು ಕೇಳಿದರು.

"ಲೋಟ ಐತ್ರಿ ಸರ್. ಸ್ಟೀಲಿಂದು."

"ಎರಡನೇದ್ರಾಗ?"

"ಲೋಟಾನ ರೀ."

"ಮೂರನೇದ್ರಾಗ?"

"ಅಂಚು ನೆಗ್ಗಿದ್ದೂ ಕಾಣ್ತೈತ್ರಿ."

ಸಾಹೇಬರ ಮುಖ ಅರಳಿತು. "ಇದನ್ನ ತಗೊಳ್ಳೂಣು. ಇನ್ನ ಅಂಥಾ ತಪ್ಪು ಆಗೂದಿಲ್ಲ ಬಿಡು. ಹಳೇದ್ರಾಗೂ ಒಮ್ಮೆ ನೋಡಿ, ಏನೂ ಕಾಣಂಗಿಲ್ಲ ಅಂತ ಹೇಳಿಬಿಡು, ಮುಗೀತು."

ದ್ಯಾಮಣ್ಣ ಹಳೆಯದನ್ನು ಕಣ್ಣಿಗಿಟ್ಟ. ತುಂಬ ಹೊತ್ತು ಇಳಿಸಲಿಲ್ಲ.

"ಇದ್ರಾಗೂ ಲೋಟಾನ ಕಾಣ್ತೈತ್ರಿ," ಎಂದ, ದನಿ ಏರಿಸದೆ. "ಅವತ್ತೂ ವಾಕಿಟಾಕ್ಯಾಗ ಹೇಳಿದ್ನಲ್ರಿ ಸರ್, ಅವನ ಕೈಯಾಗಿರೂದು ಬರೇ ಮೊಬೈಲ್ ಅಂತ."