ಒಂದು ಗುಂಡಿಗೆ ಅನುಮತಿ

ಲಕ್ವ ಹೊಡೆದ ಮೇಲೆ ಗಂಡನ ಮಾತು ನಿಂತೇಹೋಗಿತ್ತು. ಆಡುತ್ತಿದ್ದದ್ದು ಕಣ್ಣಿನ ರೆಪ್ಪೆ, ಬಲಗೈಯ ಒಂದು ಬೆರಳು. ಆ ಬೆರಳಿಗೆಂದೇ ಅವಳು ಯುಎಸ್‌ಬಿ ಗುಂಡಿಯೊಂದನ್ನು ತರಿಸಿದ್ದಳು. ಮನೆಯ ಕಂಪ್ಯೂಟರಿನಲ್ಲಿ ಸಾಲಾಗಿ ಓಡುವ ಅಕ್ಷರಗಳಲ್ಲಿ ಬೇಕಾದದ್ದು ಬಂದಾಗ ಒತ್ತಿದರೆ ಅದು ಮೂಡಬೇಕು. ಮೂಡಲಿಲ್ಲ.

"ಹೊಸ ಗುಂಡಿ ಬಳಸೋಕೆ ಅಡ್ಮಿನ್ ಬಿಟ್ಟು ಯಾರಿಗೂ ಅನುಮತಿ ಇಲ್ಲ ಅಂತಿದೆ, ಅತ್ತಿಗೆ. ಈ ಬೀಗ ಹಾಕಿದ್ದು ಅಣ್ಣನೇ," ಎಂದ, ಸರಿಪಡಿಸಲು ಬಂದಿದ್ದ ಗಂಡನ ಸಹೋದ್ಯೋಗಿ. "ಪಾಸ್‌ವರ್ಡ್ ಗೊತ್ತಾ?"

"ಆಫೀಸಿನ ಪಾಸ್‌ವರ್ಡನ್ನೇ ಮೇಲಿನವರಿಗೆ ಹೇಳದ ಮನುಷ್ಯ, ನನಗೆ ಹೇಳ್ತಾರಾ?"

ಸರಿಯಾದ ಅಕ್ಷರ ಬಂದಾಗ ರೆಪ್ಪೆ ಮಿಟುಕಿಸಲು ಹೇಳಿ, ಸಹೋದ್ಯೋಗಿ ಒಂದೊಂದೇ ಅಕ್ಷರ ಓದತೊಡಗಿದ. ಗಂಡ ಕಣ್ಣು ಬಿಗಿಯಾಗಿ ಮುಚ್ಚಿಬಿಟ್ಟ.

"ನಿಮ್ಮ ದಮ್ಮಯ್ಯ, ಕಣ್ಣು ಬಿಡಿ," ಅವಳು ಅವನ ಕೈ ಹಿಡಿದಳು. "ನಿಮ್ಮ ಒಂದು ಮಾತಿಗೋಸ್ಕರ ಜೀವ ಹಿಡಕೊಂಡು ಕೂತಿದೀನಿ."

ಎಷ್ಟೋ ಹೊತ್ತಿಗೆ ಕಣ್ಣು ತೆರೆಯಿತು. ರೆಪ್ಪೆ ಒಲ್ಲದ ಮನಸ್ಸಿನಿಂದ ಮಿಟುಕುತ್ತಾ ಹೋಯಿತು. ಸಹೋದ್ಯೋಗಿ ಪಾಸ್‌ವರ್ಡ್ ಹಾಕಿ, ಸಾಮಾನ್ಯ ಬಳಕೆದಾರರಿಗೂ ಗುಂಡಿ ಒತ್ತುವ ಅನುಮತಿ ಕೊಟ್ಟ.

ಬೆರಳು ಗುಂಡಿಯ ಮೇಲೆ ಕೂತಿತು. ಮೊದಲು ತನ್ನ ಹೆಸರೇ ಬರುತ್ತದೆಂದು ಅವಳು ಪರದೆಯ ಹತ್ತಿರ ಬಾಗಿ ನಿಂತಳು.

ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು: "ಮೊದಲು ಪಾಸ್‌ವರ್ಡ್ ಬದಲಾಯಿಸು. ಇವನಿಗೆ ಗೊತ್ತಾಗಿಬಿಟ್ಟಿದೆ."